ಕಾಲೇಜಿನವರ ಚಹಾ

ನನಗೆ ಆಗ ಅರವತ್ತೊಂದು. ಒಂಬತ್ತು ವರ್ಷದ ಹಿಂದಿನ ಮಾತು. ಮೊಮ್ಮಗಳು ಪಿಯುಸಿ ಸೈನ್ಸ್ ಪಾಸಾಗಿದ್ದಳು. ಕಲಬುರಗಿ ಕಾಲೇಜಿಗೇ ಹೋಗಬೇಕು, ಕೆಮಿಸ್ಟ್ರಿಯೇ ಓದಬೇಕು ಎಂದು ಹಟ ಹಿಡಿದು ಸರಿಯಾಗಿ ಉಣ್ಣುತ್ತಿರಲಿಲ್ಲ. ನನ್ನ ಮಗನಿಗೆ ಮನಸ್ಸಿರಲಿಲ್ಲ. ಇಲ್ಲೇ ಕಮಲಾಪುರದಲ್ಲಿ ಬಿ.ಎ. ಮಾಡಲಿ ಎನ್ನುತ್ತಿದ್ದ.

“ಯವ್ವಾ, ನೀ ಹೋಗಿ ನೋಡಿ ಬಾ. ನೀ ಹ್ಞೂಂ ಅಂದ್ರ ಕಳಸ್ತೀನಿ,” ಎಂದ. ನಾನು ಬೇಡವೆಂದೇ ಬರುತ್ತೇನೆ ಎಂದು ಅವನ ಲೆಕ್ಕ.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಕಾಲೇಜು ನೋಡಿ ಗೊತ್ತಿಲ್ಲ. ಹೆಣ್ಣು ಕೊಡುವ ಮನೆ ನೋಡಲು ಮಾತ್ರ ಬಹಳ ಸಲ ಹೋಗಿದ್ದೆ. ಹಾಗೇ ಹೋದೆ, ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟು, ಮೊಮ್ಮಗಳನ್ನು ಕರೆದುಕೊಂಡು. ಮೊದಲು ಕುಡಿಯುವ ನೀರು ನೋಡಿದೆ. ಆಮೇಲೆ ಪಾಯಖಾನೆ, ಅದರ ಬಾಗಿಲಿಗೆ ಚಿಲಕ. ಹುಡುಗಿ ನನ್ನ ಸೆರಗು ಜಗ್ಗಿದಳು.

“ಆಯಿ, ಇದು ಬೀಗರ ಮನಿ ಅಲ್ಲ.”

“ಮೂರು ವರ್ಷ ಇರ್ತಿ. ಬೀಗರ ಮನ್ಯಾಗ ಎಷ್ಟೋ ಮಂದಿ ಅಷ್ಟೂ ಇರಂಗಿಲ್ಲ.”

ಒಳಗೆ ಕನ್ನಡಕದ ಸರ್ ಒಬ್ಬರು ಕುರ್ಚಿ ಕೊಟ್ಟು ಚಹಾ ತರಿಸಿದರು. ನಮ್ಮಲ್ಲಿ ಹೆಣ್ಣಿನ ಮಾತಿಗೆ ಹೋದ ಮನೆಯಲ್ಲಿ ಎಲ್ಲ ಬಗೆಹರಿಯುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಕುಡಿದರೆ ಒಪ್ಪಿದ ಹಾಗೆ. ಹುಡುಗಿ ಲೋಟಕ್ಕೆ ಕೈ ಚಾಚಿದಳು, ಕೈ ಮೇಲೆ ಒಂದು ಕೊಟ್ಟೆ.

“ಯಾಕ್ರೀ ಅಮ್ಮಾ, ನಮ್ಮ ಚಾ ನಡೆಯಂಗಿಲ್ಲೇನು?” ಎಂದರು ಸರ್.

“ನಡೀತದರಿ. ಮಾತು ಮುಗೀಲಿ. ಹುಡುಗ್ಯಾರನ್ನ ಎಷ್ಟಕ್ಕ ಬಿಡ್ತೀರಿ?”

“ಲ್ಯಾಬ್ ಇದ್ದ ದಿನ ಐದೂವರಿ ಆಗ್ತದರಿ.”

ಆಗ ಹೊರಟರೆ ಕಮಲಾಪುರದಲ್ಲಿ ಇಳಿಯುವುದರೊಳಗೆ ಕತ್ತಲು. ಅಲ್ಲಿಂದ ನಮ್ಮ ಮನೆಗೆ ಹೊಲದ ದಾರಿ, ದೀಪವಿಲ್ಲ. ನಮಸ್ಕಾರ ಹೇಳಿ ಎದ್ದೆ. ಚಹಾ ಕೆನೆ ಕಟ್ಟಿಕೊಂಡು ಅಲ್ಲೇ ಉಳಿಯಿತು.

ಹುಡುಗಿ ಅಳಲಿಲ್ಲ. ಲ್ಯಾಬಿನ ಕಿಟಕಿ ಹತ್ತಿರ ನಿಂತುಬಿಟ್ಟಳು. ಒಳಗೆ ಅವಳ ವಯಸ್ಸಿನವರು ನೀಲಿ ಉರಿಯ ಮೇಲೆ ಗಾಜಿನ ಕೊಳವೆ ಹಿಡಿದು ನಗುತ್ತಿದ್ದರು. ಎಂಥದೋ ಹುಳಿ ವಾಸನೆ. ಅದು ಈಗಲೂ ನನ್ನ ಮೂಗಿನಲ್ಲಿದೆ.

“ಕತ್ತಲಾದ್ರ ಏನಾತು, ನೀ ಬಸ್ ಸ್ಟ್ಯಾಂಡಿಗಿ ಬಾ,” ಎಂದಳು.

“ದಿನಾ ನಾ ಬರ್ಲಿ?”

“ದಿನಾ ಎಲ್ಲಿ, ಲ್ಯಾಬ್ ಇದ್ದಾಗ. ಹ್ಯಾಂಗೂ ಆ ಹೊತ್ತಿಗಿ ಕಟ್ಟೀ ಮ್ಯಾಲ ಕುಂತು ಮಂದೀ ಸುದ್ದಿ ಮಾತಾಡ್ತಿ.”

ಅದು ಖರೆ. ತಿರುಗಿ ಒಳಗೆ ಹೋದೆ. ಮೇಜಿನ ಮೇಲೆ ಲೋಟ ಇರಲಿಲ್ಲ.

“ಚಾ ಎಲ್ಲಿ ಹೋತ್ರಿ?”

“ನೀವು ಒಲ್ಲೆಂದ್ರಿ, ಒಯ್ದ್ರು.”

“ಈಗ ಬೇಕಾಗ್ಯಾದ. ಸಕ್ಕರಿ ಜಾಸ್ತಿ ಇರ್ಲಿ. ಈಕಿಗೂ ಒಂದು.”

ಸರ್‌ಗೆ ಏನೂ ತಿಳಿಯಲಿಲ್ಲ. ಹುಡುಗಿಗೆ ತಿಳಿಯಿತು, ಬಾಯಿ ಸುಟ್ಟುಕೊಂಡು ಕುಡಿದಳು. ನೀರು ನೀರು ಚಹಾ. ಆದರೂ ಅದರ ರುಚಿ ನೆನಪಿದೆ, ನಿನ್ನೆ ಕುಡಿದದ್ದು ನೆನಪಿಲ್ಲ.

ಮನೆಗೆ ಬಂದಾಗ ಮಗ ಕಾಲೇಜು ಹೇಗಿದೆ ಎಂದು ಕೇಳಲಿಲ್ಲ.

“ಅಲ್ಲಿ ಏನರೆ ಕುಡದಿ?” ಎಂದ.

“ಚಾ ಕುಡದೀನಿ.”

ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಕೊಟ್ಟ ಮಾತು ಮುರಿಯುವ ಮನೆತನ ನಮ್ಮದಲ್ಲ.

ಮರುದಿನ ಬೆಳಿಗ್ಗೆ ಅಪ್ಪ, ಮಗಳು ಅಡ್ಮಿಷನ್ ಮಾಡಿಸಲು ಮೊದಲ ಬಸ್ಸಿಗೇ ಹೋದರು. ಕೊಟ್ಟಿಗೆ ಬಳಿಯುವುದು ಅವಳ ಕೆಲಸವಾಗಿತ್ತು. ನಾನು ಸೀರೆ ಮೇಲೆ ಕಟ್ಟಿಕೊಂಡು ಎಮ್ಮೆಯ ಸಗಣಿ ಬಾಚಿದೆ.