ಒಂದೇ ರೇಟಿನ ಪೇಮಕ್ಕ

ಪೇಮಕ್ಕ ಯಾರನ್ನೂ ಹಿಂದಕ್ಕೆ ಕರೆದವಳಲ್ಲ. ಕಡೂರು ಬಸ್ ಸ್ಟ್ಯಾಂಡ್ ಪಕ್ಕ ನನ್ನ ಬಳೆ ಅಂಗಡಿ. ಅದರ ಗೋಡೆಗೆ ಹಗ್ಗ ಕಟ್ಟಿ ಪ್ರತಿ ಚಳಿಗಾಲ ಅವಳು ಸ್ವೆಟರ್ ತೂಗುಹಾಕುತ್ತಿದ್ದಳು. ನಮ್ಮ ಕಡೆ ವ್ಯಾಪಾರಕ್ಕೊಂದು ಮರ್ಯಾದೆ ಇದೆ. ಕೊಳ್ಳುವವರು ಅರ್ಧ ಬೆಲೆಗೆ ಕೇಳಬೇಕು, ಮುಖ ಗಂಟು ಹಾಕಿಕೊಂಡು ಹೊರಡಬೇಕು, ನಾಲ್ಕಾರು ಹೆಜ್ಜೆ ಹೋಗುವಷ್ಟರಲ್ಲಿ ಅಂಗಡಿಯವರು "ಬಾರವ್ವ ಇಲ್ಲಿ" ಅಂತ ಕರೆಯಬೇಕು. ಪೇಮಕ್ಕ ಮಾತ್ರ ಸ್ವೆಟರನ್ನು ಮಡಚಿ ಜಾಗಕ್ಕಿಟ್ಟು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದಳು.

ಯಗಟಿಯಿಂದ ಬಂದಿದ್ದ ನಮ್ಮತ್ತೆ ಒಮ್ಮೆ ಶಾಲು ಕೇಳಿ ಹೀಗೇ ಹೊರಟರು. ಬಸ್ಸಿನ ಬಾಗಿಲವರೆಗೆ ಹೋದರೂ ಕರೆ ಬರಲಿಲ್ಲ. ಬಸ್ಸನ್ನೇ ಬಿಟ್ಟು ತಿರುಗಿ ಬಂದು ಪೂರ್ತಿ ದುಡ್ಡು ಕೊಟ್ಟು, "ಏನ್ ಹೆಂಗ್ಸೇ ನೀನು! ಬಾಯ್ಮಾತಿಗಾದ್ರೂ ಕರೀಬಾರ್ದಾ?" ಅಂದರು.

"ನಿಮ್ಗೆ ಕಮ್ಮಿ ಮಾಡಿದ್ರೆ, ಬೆಳಿಗ್ಗೆ ಪೂರ್ತಿ ಕೊಟ್ಟು ಹೋದೋರಿಗೆ ಏನ್ ಹೇಳ್ಲಿ ಅಜ್ಜಿ? ಎಲ್ರಿಗೂ ಒಂದೇ ರೇಟು."

ಆಫೀಸರ ಹೆಂಡತಿಗೂ ಅದೇ, ಕುರಿ ಕಾಯುವವರಿಗೂ ಅದೇ. ಐದು ರೂಪಾಯಿ ಬಿಡಿಸಲು ನಾನು ವರ್ಷಗಟ್ಟಲೆ ಹೆಣಗಿ ಸೋತೆ. ಗೋಡೆ ನನ್ನದು ಅನ್ನುವುದೂ ಲೆಕ್ಕಕ್ಕೆ ಬರಲಿಲ್ಲ.

ಪೇಮಕ್ಕ ಟಿಬೆಟ್ಟಿನಿಂದ ತಾಯಿಯ ಬೆನ್ನ ಮೇಲೆ ಗಡಿ ದಾಟಿ ಬಂದ ಕೂಸು. ಬೆಳೆದದ್ದು ಬೈಲುಕುಪ್ಪೆಯಲ್ಲಿ, ಕನ್ನಡ ನನಗಿಂತ ಚುರುಕು. ಜೊತೆಗೆ ಬರುತ್ತಿದ್ದ ಸೆರಿಂಗ್ ಎಷ್ಟೋ ವರ್ಷ ತಡವಾಗಿ, ಒಬ್ಬಳೇ ಗಡಿ ದಾಟಿ ಬಂದವಳು. ತರೀಕೆರೆ, ಅಜ್ಜಂಪುರದ ಸಂತೆಗಳಿಗೆ ಗಂಟು ಹೊತ್ತು ಹೋಗುತ್ತಿದ್ದವಳು ಅವಳು. ಇಬ್ಬರೂ ನಿರಾಶ್ರಿತರು. ಇಲ್ಲಿರಲು ಸರ್ಕಾರ ಕೊಟ್ಟ ಕಾಗದವನ್ನು ಆಗಾಗ ನವೀಕರಿಸಬೇಕು, ಬೇರೆ ಊರಿನಲ್ಲಿ ತಂಗುವಾಗ ಅಲ್ಲಿನ ಪೊಲೀಸ್ ಕಚೇರಿಗೆ ಹೋಗಿ ತೋರಿಸಬೇಕು.

ಒಂದು ವರ್ಷ ಕಚೇರಿಯಲ್ಲಿ ಹೊಸ ಸಾಹೇಬರು ಕೂತಿದ್ದರು. ಊರಿನವರೊಬ್ಬರು ಇರಲಿ ಅಂತ ಪೇಮಕ್ಕ ನನ್ನನ್ನೂ ಕರೆದೊಯ್ದಿದ್ದಳು. ಸೆರಿಂಗಳ ಕಾಗದದ ಅವಧಿ ಮುಗಿದಿತ್ತು. ನವೀಕರಣಕ್ಕೆ ಮುಂಚೆಯೇ ಅರ್ಜಿ ಕೊಟ್ಟ ರಸೀದಿ ಅವಳ ಕೈಯಲ್ಲಿತ್ತು. ಸಾಹೇಬರು ಅದನ್ನು ಮುಟ್ಟಲೂ ಇಲ್ಲ.

"ನೀವು ಹಳಬ್ರು, ನೀವಿರಿ. ಇವ್ಳು ಮೊನ್ನೆ ಮೊನ್ನೆ ಬಂದೋಳು. ನಾಳೆನೇ ಊರು ಬಿಡ್ಲಿ."

ಸೆರಿಂಗ್ ರಸೀದಿಯನ್ನು ಮತ್ತೆ ಮುಂದಕ್ಕೆ ಹಿಡಿದಳು. ಅವಳ ಮನೆ ವರ್ಷವಿಡೀ ನಡೆಯುವುದು ಈ ಚಳಿಗಾಲದ ವ್ಯಾಪಾರದಿಂದ.

ಪೇಮಕ್ಕ ದನಿ ಏರಿಸಲಿಲ್ಲ. "ಸಾರ್, ನನ್ನ ಕಾಗ್ದ ಓದಿದ್ರಿ. ಅವ್ಳದ್ದೂ ಓದಿ. ಕಾನೂನು ಪ್ರಕಾರ ಇರಂಗಿಲ್ಲ ಅಂದ್ರೆ ಯಾಕೆ ಅಂತ ಬರೆದುಕೊಡಿ, ಹೋಗ್ತೀವಿ. ಹಳಬ್ರಿಗೊಂದು ರೇಟು, ಹೊಸಬ್ರಿಗೊಂದು ರೇಟು, ಅದ್ ನಂಗ್ ಬರಲ್ಲ."

"ಬರೆದುಕೊಡೋದೆಲ್ಲ ಇಲ್ಲಮ್ಮ."

"ಸರಿ ಸಾರ್. ಇಬ್ರೂ ಹೋಗ್ತೀವಿ." ತನ್ನ ಕಾಗದವನ್ನೂ ಎತ್ತಿಕೊಂಡು ಸೆರಿಂಗಳ ಕೈ ಹಿಡಿದು ಹೊರಟೇಬಿಟ್ಟಳು.

ನಾವು ಚೌಕಾಸಿ ಮಾಡಿ ಅಂಗಡಿ ಬಿಟ್ಟು ಹೊರಡುವಾಗ, ಕರೆದಾರೆಂದು ಕಿವಿ ಹಿಂದೆಯೇ ಇರುತ್ತದೆ. ಪೇಮಕ್ಕ ನಿಜವಾಗಿಯೇ ಹೊರಟಿದ್ದಳು. ಯಾವ ಸ್ವೆಟರನ್ನು ಯಾವ ಗಂಟಿಗೆ ಕಟ್ಟುವುದೆಂದು ಆಗಲೇ ಸೆರಿಂಗಳಿಗೆ ಹೇಳುತ್ತಿದ್ದಳು. ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಬನ್ರಮ್ಮ ಇಲ್ಲಿ! ಕೊಡಿ ಆ ರಸೀದಿ."

ಸಾಹೇಬರು ಓದಿದರು. ಬೈಲುಕುಪ್ಪೆ ಕಡೆಗೆ ಫೋನ್ ಮಾಡಿ ವಿಚಾರಿಸಿದರು. ಅರ್ಜಿ ತೀರ್ಮಾನವಾಗುವವರೆಗೆ ಇರಲು ಅಡ್ಡಿಯಿಲ್ಲ ಎಂದು, ಇಬ್ಬರಿಗೂ ಒಂದೇ ಸೀಲು ಒತ್ತಿ ಕಳಿಸಿದರು. ನಾನೇ ಏನೋ ಗೆದ್ದವಳಂತೆ ಬೀಗಿದೆ.

"ಇಷ್ಟು ದೂರ ಬಂದಿದೀನಿ ಕಣೇ. ಒಂದ್ ಶಾಲಿಗೆ ಐದ್ ರೂಪಾಯಾದ್ರೂ ಬಿಡು" ಅಂದೆ.

"ಟೀ ಕುಡಿಸ್ತೀನಿ ಬಾ ಶಾರದಾ. ಶಾಲಿಗೆ ಮಾತ್ರ ಒಂದೇ ರೇಟು."

ಈ ಚಳಿಗಾಲ ಸೆರಿಂಗ್ ಒಬ್ಬಳೇ ಬಂದಳು. ಮಳೆಗಾಲದಲ್ಲಿ ಪೇಮಕ್ಕ ತೀರಿಕೊಂಡಳಂತೆ. ಸೆರಿಂಗ್ ಅದೇ ಗೋಡೆಗೆ ಹಗ್ಗ ಕಟ್ಟಿದಳು. ದುಃಖ ನುಂಗಿಕೊಂಡು ನಾನೇ ಮೊದಲ ಗಿರಾಕಿಯಾಗಿ ನಿಂತೆ. ಶಾಲು ಹಿಡಿದು ಅರ್ಧ ಬೆಲೆಗೆ ಕೇಳಿ, ಮುಖ ಗಂಟು ಹಾಕಿಕೊಂಡು, ಬಸ್ಸುಗಳು ನಿಲ್ಲುವಲ್ಲಿಯವರೆಗೆ ನಡೆದೆ. ಕಿವಿ ಹಿಂದೆಯೇ ಇತ್ತು.

ಕರೆ ಬರಲಿಲ್ಲ. ತಿರುಗಿ ನೋಡಿದರೆ ಸೆರಿಂಗ್ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದಳು. ಕಣ್ಣೊರೆಸಿಕೊಂಡು ವಾಪಸ್ ಬಂದು ಪೂರ್ತಿ ದುಡ್ಡು ಕೊಟ್ಟೆ.