ದೂರು ಬಂದಿರಲಿಲ್ಲ

ಮೂಡಿಗೆರೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಾಗೆ ಬಿಡುವಿನಲ್ಲಿ ಮಾಡಿದ್ದೇ ನಮ್ಮ ಕಡೆಯ ಅಂಗಡಿ, ಗ್ಯಾರೇಜು, ಹೋಂಸ್ಟೇ, ಜೀಪಿನವರ ಫೋನ್ ನಂಬರುಗಳೆಲ್ಲ ಮೊಬೈಲಿನಲ್ಲಿ ಸಿಗುವಂಥ ಒಂದು ಡೈರೆಕ್ಟರಿ. ಅತ್ತಿಗುಂಡಿಯಿಂದ ಸಂಸೆಯವರೆಗೆ ಯಾರು ಬೇಕಾದರೂ ಸೇರಬಹುದಿತ್ತು. ವರ್ಷದ ಶುಲ್ಕ ಒಂದು ಕೆ.ಜಿ. ಕಾಫಿಪುಡಿಯ ಬೆಲೆಗಿಂತ ಕಡಿಮೆ. ಫೋಟೋ ಗೀಟೋ ಇಲ್ಲ. ಒಂದೇ ಕಡ್ಡಿ ಸಿಗ್ನಲ್ ಇದ್ದರೂ, ಎಂಥ ಹಳೇ ಫೋನಿನಲ್ಲೂ ತೆರೆದುಕೊಳ್ಳುತ್ತಿತ್ತು. ಅದನ್ನು ಪರೀಕ್ಷಿಸಲೆಂದೇ ದೇವರಮನೆಯ ಗುಡ್ಡ ಹತ್ತಿದ್ದೆ. ತೆರೆದುಕೊಂಡಾಗ ಅಲ್ಲಿ ದನ ಮೇಯಿಸುತ್ತಿದ್ದವರಿಗೂ ತೋರಿಸಿದ್ದೆ. ಜಂಬ ಅಷ್ಟಿತ್ತು.

ಆ ಜಂಬಕ್ಕೆ ಮುಖ್ಯ ಕಾರಣ ಒಂದು ನಿಯಮ. ಬೇರೆ ಡೈರೆಕ್ಟರಿಗಳಲ್ಲಿ ಅರ್ಧಕ್ಕರ್ಧ ಸತ್ತ ನಂಬರುಗಳು. ನನ್ನದರಲ್ಲಿ ಹಾಗಾಗಬಾರದೆಂದು, ಕಂಪ್ಯೂಟರೇ ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಫೋನ್ ಮಾಡಿ, "ವ್ಯಾಪಾರ ನಡೆಯುತ್ತಿದ್ದರೆ ಒಂದನ್ನು ಒತ್ತಿ" ಎನ್ನುವಂತೆ ಮಾಡಿದ್ದೆ. ಮೂರು ಸಲ ಉತ್ತರ ಬಾರದಿದ್ದರೆ ಹೆಸರು ತಾನಾಗಿ ಬಿದ್ದುಹೋಗುತ್ತಿತ್ತು. ವ್ಯಾಪಾರಸ್ಥರನ್ನೆಲ್ಲ ಕರೆದು, ಕಾಫಿ ಕೊಟ್ಟು, ಇದನ್ನು ವಿವರಿಸಿದೆ. ಜೊತೆಗೆ, "ಗಿರಾಕಿಗಳಿಂದ ದೂರು ಬಂದರೂ ತೆಗೆದುಹಾಕ್ತೀನಿ, ದಾಕ್ಷಿಣ್ಯ ಇಲ್ಲ" ಎಂದೂ ಸೇರಿಸಿದೆ. ಮೊದಲನೆಯ ಮಾತು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಎರಡನೆಯದು ಎಲ್ಲರಿಗೂ ಉಳಿಯಿತು.

ನನ್ನ ತವರು ಸಂಸೆಯಿಂದ ಕೂಗಳತೆಯ ದೂರ. ಆರಿದ್ರಾ ಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವ ಮಳೆಗೆ ಬಂದೀತೆಂದು ಅಲ್ಲಿ ಯಾರೂ ಹೇಳಲಾರರು. ಟವರಿನ ಡೀಸೆಲ್ ಮುಗಿದ ಮೇಲೆ ಫೋನು ಇದ್ದೂ ಇಲ್ಲದ ಹಾಗೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮಳೆಯನ್ನೇ ಕಾಣದ ಊರಿನವಳ ಹಾಗೆ ನಿಯಮ ಬರೆದಿದ್ದೆ. ಆ ವರ್ಷ ಪುನರ್ವಸು, ಪುಷ್ಯ ಎರಡೂ ಬಿಡದೆ ಹೊಡೆದವು. ತವರಿಗೆ ಫೋನ್ ಸಿಗುತ್ತಿಲ್ಲವೆಂದು ನಾನು ಗಂಡನ ಮೇಲೆ ರೇಗಾಡುತ್ತಿದ್ದ ಅದೇ ದಿನಗಳಲ್ಲಿ, ನನ್ನ ಕಂಪ್ಯೂಟರು ಆ ಕಡೆಯವರ ಹೆಸರುಗಳನ್ನು ಒಂದೊಂದಾಗಿ ತೆಗೆದುಹಾಕುತ್ತಿತ್ತು. ಮಳೆಗಾಲದಲ್ಲಿ ಪ್ರವಾಸಿಗಳು ಬರುವುದಿಲ್ಲ, ಹಾಗಾಗಿ ಯಾರೂ ಗಮನಿಸಲೂ ಇಲ್ಲ.

ದಸರಾ ಕಳೆದ ಮೇಲೆ ಸಂಸೆಯ ಜೀಪಿನವರೊಬ್ಬರು ಅಂಗಡಿಗೆ ಬಂದರು. ಅಣ್ಣ ತಮ್ಮ ಇಬ್ಬರು ಒಂದೇ ಜೀಪನ್ನು ಸರದಿಯ ಮೇಲೆ ಓಡಿಸುತ್ತಿದ್ದರು, ಡೈರೆಕ್ಟರಿಯಲ್ಲಿ ಇಬ್ಬರ ನಂಬರೂ ಇತ್ತು. ಬಂದವರು ಅಣ್ಣ. ಆಗ ಅಂಗಡಿಯಲ್ಲಿ ಒಬ್ಬ ಎಸ್ಟೇಟ್ ಓನರ್ ಕೂತಿದ್ದರು. ತಮಗೆ ಗೊತ್ತಿರುವ ಹೋಂಸ್ಟೇಯವರನ್ನೆಲ್ಲ ಡೈರೆಕ್ಟರಿಗೆ ಸೇರಿಸುವ ಮಾತಾಡುತ್ತಿದ್ದರು. ನನ್ನನ್ನು ಹೊಗಳುತ್ತಿದ್ದರು ಎಂದರೂ ಸರಿಯೇ.

ಜೀಪಿನವರು ಬಾಗಿಲಲ್ಲೇ ನಿಂತು, "ಅಕ್ಕಾ, ನಮ್ದು ನಂಬರ್ ತೆಗ್ದಿದೀರಲ್ಲ, ಯಾರು ದೂರು ಕೊಟ್ಟಿದ್ದು ಅಂತ ನಾನು ಕೇಳಲ್ಲ. ದಸರಾಕ್ಕೆ ಒಂದು ಫೋನೂ ಬರ್ಲಿಲ್ಲ" ಎಂದರು.

ಕಂಪ್ಯೂಟರಿನಲ್ಲಿ ನೋಡಿದೆ. ದೂರು ಬಂದಿರಲಿಲ್ಲ. ಮೂರು ಸಲವೂ ಇಬ್ಬರ ಫೋನೂ ಸಂಪರ್ಕಕ್ಕೆ ಸಿಕ್ಕಿರಲಿಲ್ಲ, ಅಷ್ಟೇ. ಆ ಕಡೆಯ ಉಳಿದವರ ಕಥೆಯೂ ಅದೇ.

ನಾನು ಬಾಯಿ ತೆರೆಯುವ ಮೊದಲೇ ಅವರು, "ತಮ್ಮನ್ನ ಜೀಪಿಂದ ಇಳಿಸ್ದೆ ಅಕ್ಕಾ. ಟೂರಿಸ್ಟ್‌ಗಳ ಹತ್ರ ಅವನ ಮಾತು ಸ್ವಲ್ಪ ಒರಟು. ಇದು ಅವನ್ದೇ ಕೆಲ್ಸ. ಇನ್ಮೇಲೆ ಯಾರೂ ದೂರು ಹೇಳಲ್ಲ" ಎಂದರು.

"ನೋಡಿ, ಇಂಥ ಶಿಸ್ತು ಬೇಕು" ಎಂದರು ಎಸ್ಟೇಟ್ ಓನರ್, ನನ್ನ ಕಡೆ ತಿರುಗಿ.

ತಪ್ಪು ನನ್ನದು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಆಯ್ತು, ಮತ್ತೆ ಹಾಕಿದೀನಿ ಬಿಡಿ" ಎಂದು. ಅದನ್ನೂ ದೊಡ್ಡ ಮನಸ್ಸು ಮಾಡಿದವಳ ದನಿಯಲ್ಲಿ ಹೇಳಿದೆ. ಅವರು ಕೈಮುಗಿದು ಹೋದರು. ಸಂಜೆ ಆ ಕಡೆಯವರ ಹೆಸರುಗಳನ್ನೆಲ್ಲ ಸದ್ದಿಲ್ಲದೆ ವಾಪಸ್ ಸೇರಿಸಿ, ನಿಯಮವನ್ನು ಅಳಿಸಿದೆ. ನಾಚಿಕೆಯೇನೋ ಆಗುತ್ತಿತ್ತು. ಆದರೆ ಅದು ನನ್ನ ಹೆಸರು ಕೆಟ್ಟರೆ ಎಂಬ ನಾಚಿಕೆ. ಕೆಲಸ ಕಳೆದುಕೊಂಡ ತಮ್ಮನ ಮುಖ ಆಗ ನನ್ನ ಕಣ್ಣ ಮುಂದೆ ಬರಲಿಲ್ಲ ಎಂಬುದು ಈಗ ಇನ್ನೂ ಹೆಚ್ಚು ನಾಚಿಕೆ ತರುತ್ತದೆ.

ದೀಪಾವಳಿಗೆ ತವರಿಗೆ ಹೊರಟೆ. ಕಳಸದಲ್ಲಿ ಬಸ್ಸಿಳಿದರೆ ಸಂಸೆಗೆ ಹೊರಟು ನಿಂತಿದ್ದುದು ಅದೇ ಜೀಪು. ಮುಂದೆ ಕೂತಿದ್ದವರನ್ನು ಹಿಂದಕ್ಕೆ ಕಳಿಸಿ ಅವರು ನನ್ನನ್ನು ಕೂರಿಸಿದರು. ಹಿಂದೆ ತುಂಬಿದ್ದವರಿಗೆಲ್ಲ ಕೇಳುವ ಹಾಗೆ, "ಇವ್ರೇ ಮಾರಾಯ್ರೇ, ನಂಗೆ ಇನ್ನೊಂದು ಚಾನ್ಸ್ ಕೊಟ್ಟೋರು" ಎಂದರು. ಬಾಡಿಗೆಯೂ ಬೇಡವಂತೆ. ಇಳಿದು ಓಡಿಹೋಗೋಣ ಅನ್ನಿಸಿತು.

"ತಮ್ಮ ಎಲ್ಲಿದಾನೆ?" ಎಂದು ಕೇಳಿದೆ.

"ಬಾಳೆಹೊನ್ನೂರು ಕಡೆ ಯಾವ್ದೋ ಎಸ್ಟೇಟಲ್ಲಿ ಟ್ರ್ಯಾಕ್ಟರ್ ಓಡಿಸ್ತಾನಂತೆ. ಹಬ್ಬಕ್ಕೂ ಬರ್ಲಿಲ್ಲ. ನಾನು ಫೋನ್ ಮಾಡಿದ್ರೆ ಎತ್ತಲ್ಲ."

ಜನವೆಲ್ಲ ಇಳಿಯುವವರೆಗೆ ಕಾದೆ. ಅಲ್ಲೂ ಹೇಡಿತನವೇ. ಜೀಪಿನಲ್ಲಿ ನಾವಿಬ್ಬರೇ ಉಳಿದಾಗ ಎಲ್ಲ ಹೇಳಿದೆ: ದೂರು ಬಂದೇ ಇರಲಿಲ್ಲ, ಟವರ್ ಇಲ್ಲದ್ದಕ್ಕೆ ಹೆಸರು ಬಿದ್ದುಹೋಗಿತ್ತು, ಆ ನಿಯಮ ಬರೆದವಳು ನಾನು.

ಅವರು ಜೀಪನ್ನು ರಸ್ತೆಯ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದರು.

"ಅವತ್ತೇ ಹೇಳ್ಬೋದಿತ್ತಲ್ಲ?"

"ಅಂಗಡೀಲಿ ಜನ ಇದ್ರು."

"ನಾನು ಅವನಿಗೆ ಬೈದಾಗ್ಲೂ ಜನ ಇದ್ರು ಅಕ್ಕಾ. ಸ್ಟ್ಯಾಂಡಲ್ಲಿ, ಎಲ್ರ ಎದುರಿಗೇ ಕೀ ಕಿತ್ಕೊಂಡೆ."

ಆಮೇಲೆ ಅವರೇ ತಮ್ಮನ ನಂಬರು ಹೇಳಿ, "ನೀವೇ ಮಾಡಿ. ನೀವೇ ಹೇಳಿ" ಎಂದರು. ಸಿಗ್ನಲ್ ಇಲ್ಲ ಎನ್ನೋಣವೆಂದರೆ, ಅವತ್ತು ಚೆನ್ನಾಗಿಯೇ ಇತ್ತು. ಅವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

ಆ ಕಡೆಯಿಂದ ಎಳೆಯ ದನಿ, ಹಿಂದೆ ಟ್ರ್ಯಾಕ್ಟರಿನ ಸದ್ದು. ನಾನು "ಮೂಡಿಗೆರೆಯಿಂದ, ಡೈರೆಕ್ಟರಿಯವಳು" ಎನ್ನುವಷ್ಟರಲ್ಲಿ ಅವನೇ ಮಾತು ಶುರು ಮಾಡಿದ.

"ಡೈರೆಕ್ಟರೀಲಿ ನೋಡಿ ಮಾಡಿದ್ರಾ ಮೇಡಂ? ಜೀಪ್ ಬೇಕಿತ್ತಾ? ನಾನೀಗ ಓಡ್ಸಲ್ಲ. ನಮ್ಮಣ್ಣನ ನಂಬರ್ ಕೊಡ್ತೀನಿ, ಬರ್ಕೊಳ್ಳಿ. ಒಳ್ಳೇ ಮನುಷ್ಯ. ನಂಬಿ ಹೋಗ್ಬೋದು."

ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದ. ಅವನ ಅಣ್ಣ ಪಕ್ಕದಲ್ಲಿ ಮುಖ ಆಚೆಗೆ ತಿರುಗಿಸಿಕೊಂಡು ಕೂತಿದ್ದರು. ನಂಬರು ಮುಗಿಯುವವರೆಗೂ ಅವನನ್ನು ತಡೆಯಲು ನನ್ನಿಂದಾಗಲಿಲ್ಲ.

"ಬರ್ಕೊಂಡ್ರಾ?" ಎಂದು ಕೇಳಿದ.

"ನಂಗೆ ಜೀಪ್ ಬೇಡಪ್ಪ" ಎಂದೆ. "ನಿನ್ನನ್ನ ಜೀಪಿಂದ ಇಳಿಸಿದ್ದು ನಾನು."