ಹಾವಿನ ಪ್ರಾಜೆಕ್ಟಿಗೆ ಫುಲ್ ಮಾರ್ಕ್ಸ್

"ಕೊಯ್ಯಿ ಮಗಳ, ಹೆದರಬ್ಯಾಡ. ನೀ ಕಲ್ತಾಕಿ ಅದೀ."

ಹೋದ ವಾರ ಇಂಗಳೇಶ್ವರದ ಅಕ್ಕನ ಮನೆ ಹೊಸ್ತಿಲು ದಾಟುವಾಗಲೇ ಕಿವಿಗೆ ಬಿದ್ದ ಅವಳ ಮಾತಿದು. ತೊಗರಿ ಹೊಲದಲ್ಲಿ ಅಕ್ಕನ ಪಾದಕ್ಕೆ ಹಾವು ಕಚ್ಚಿತ್ತು. ಸೀರೆಯ ಅಂಚು ಹರಿದು ಮೊಣಕಾಲ ಕೆಳಗೆ ಬಿಗಿದಿದ್ದರು. ಕಾಲು ನೀಲಿಗಟ್ಟಿತ್ತು. ಎದುರಿಗೆ ಮಗಳು ಸುಜಾತಾ, ಬಿ.ಎಸ್ಸಿ. ಓದುವವಳು. ಕೈಯಲ್ಲಿ ಬ್ಲೇಡು!

ಓಡಿಹೋಗಿ ಬ್ಲೇಡು ಕಸಿದುಕೊಂಡೆ. "ಹುಚ್ಚು ಹಿಡದೈತೇನಬೇ ನಿನಗ?"

"ಪ್ರಾಜೆಕ್ಟಿನ್ಯಾಗ ಹಿಂಗ ಐತಿ ಮಾಮಾ. ಬಿಗೀ ಕಟ್ಟೂದು, ಕೊಯ್ದು ವಿಷ ತಗಿಯೂದು. ಸರ್ ಫುಲ್ ಮಾರ್ಕ್ಸ್ ಕೊಟ್ಟಾರ."

ಯಾರ ಪ್ರಾಜೆಕ್ಟು? ಅವಳದೇ! 'ಹಾವು ಕಚ್ಚಿದಾಗ ಪ್ರಥಮ ಚಿಕಿತ್ಸೆ.' (ಬಣ್ಣದ ಚಿತ್ರ, ಸ್ಪೈರಲ್ ಬೈಂಡಿಂಗ್, ಕಾಲೇಜಿನ ಸೀಲು-ಸಿಕ್ಕಾ. ಇನ್ನೇನು ಬೇಕು ನಂಬಲಿಕ್ಕೆ?)

ಪಕ್ಕದ ಮನೆಯವರ ಟಂಟಂ ಆಟೋದಲ್ಲಿ ಬಸವನ ಬಾಗೇವಾಡಿ ಆಸ್ಪತ್ರೆಗೆ ಓಡಿದೆವು. ಕಟ್ಟು ನೋಡಿಯೇ ಡಾಕ್ಟರು ಸಿಡಿದರು. "ಕಟ್ಟಬಾರದು, ಕೊಯ್ಯಬಾರದು, ಕಾಲ ಅಲುಗಾಡಿಸದ ಸೀದಾ ಇಲ್ಲಿ ಕರಕೊಂಡ ಬರಬೇಕು ಅಂತ ಎಷ್ಟ ಸಲ ಹೇಳೂದ್ರಿ? ಇನ್ನ ಸ್ವಲ್ಪ ತಡ ಆಗಿದ್ರ ಕಾಲ ಹೋಗ್ತಿತ್ತು."

ಇಂಜೆಕ್ಷನ್ ಕೊಟ್ಟರು. ಅಕ್ಕ ಉಳಿದಳು. ಕಾಲೂ ಉಳಿಯಿತು.

ಸುಜಾತಾ ಹೊರಗೆ ಬೆಂಚಿನ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಯಾವ ವೆಬ್‌ಸೈಟ್ ನೋಡಿ ಬರೆದೆ ಅಂತ ಕೇಳಿದೆ.

"ಸರ್ಚ್ ಮಾಡಿದ್ರ ಮೊದಲ ಅದ ಬಂತು ಮಾಮಾ."

ಮೊಬೈಲ್‌ನಲ್ಲಿ ತೆಗೆಸಿ ನೋಡಿದೆ. ಬರೆದವರ ಹೆಸರೇ ಇಲ್ಲ. ವೈದ್ಯರೋ, ದನದ ದಲ್ಲಾಳಿಯೋ, ದೇವರೇ ಬಲ್ಲ! ಕೊನೆಗೆ ಮಾತ್ರ ದಪ್ಪಕ್ಷರದಲ್ಲಿ: 'ವಿಷ ಇಳಿಸುವ ಪುಡಿಗಾಗಿ ಈಗಲೇ ಆರ್ಡರ್ ಮಾಡಿ.' ಅಯ್ಯೋ ಶಿವನೇ, ಇದು ಅಂಗಡಿ! ಆರೋಗ್ಯ ಇಲಾಖೆಯ ಪುಟ ಸರ್ಚ್ ಪಟ್ಟಿಯಲ್ಲಿ ಅದರ ನಾಲ್ಕು ಬೆರಳು ಕೆಳಗೇ ಇತ್ತು. ಅಲ್ಲಿವರೆಗೆ ಬೆರಳು ಸರಿಸುವ ತಾಳ್ಮೆ ಯಾರಿಗಿದೆ?

ಸಿಟ್ಟು ನೆತ್ತಿಗೇರಿತು. ಅವಳ ಸರ್‌ಗೆ ಫೋನ್ ಹಚ್ಚಿದೆ. ಪಾಪ, ಒಳ್ಳೆಯ ಮನುಷ್ಯ. ಸುದ್ದಿ ಕೇಳಿ ಗಾಬರಿಯಾದರು.

"ಕಾಪಿ ಹೊಡದಾಳೇನು ಅಂತ ಸಾಫ್ಟ್‌ವೇರ್‌ನ್ಯಾಗ ಚೆಕ್ ಮಾಡಿದ್ವಿರಿ. ಎಲ್ಲಾ ಸ್ವಂತ ಮಾತಿನ್ಯಾಗ ಬರದಿದ್ಲು."

"ಅದು ಖರೇನೋ ಸುಳ್ಳೋ ಅಂತ ನೋಡಿದ್ರೇನ್ರಿ?"

ಅವರು ಮೆಲ್ಲಗೆ ಅಂದರು: "ಅದನ್ನ ನೋಡಲಿಲ್ರಿ. ಚಲೋ ಐತಿ ಅಂತ ಲೈಬ್ರರಿಯಾಗ ಮಾದರಿ ಅಂತ ಇಟ್ಟಿದ್ವಿರಿ. ಭಾಳ ಹುಡುಗ್ರು ಝೆರಾಕ್ಸ್ ಮಾಡಿಸ್ಕೊಂಡು ತಮ್ಮ ತಮ್ಮ ಊರಿಗೆ ಒಯ್ದಾರ."

ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಓದುಗರೇ, ಅದರದೊಂದು ಪ್ರತಿ ನಿಮ್ಮ ಮನೆಗೆ ಬಂದಿದೆಯಾ?